ಬಳಚಿನ ವರ್ಣತಂತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಿನ ಮತ್ತು ಅಳಿವೆಯ ಚಿಪ್ಪಿಜೀವಿಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ವಿದ್ಯಾರ್ಥಿಗಳು, ಶಿಕ್ಷಕರು, ಅಳಿವೆಯಲ್ಲಿ ಬಳಚು ಎಂಬ ಎರಡು ಚಿಪ್ಪಿನ ಜೀವಿಯನ್ನು ಹೆಕ್ಕುವವರು, ಮೀನುಪೇಟೆಯಲ್ಲಿ ಮಾತಿಗೆ ಸಿಕ್ಕವರು ಇಷ್ಟು ವರ್ಷಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳು ಬಹುಮಟ್ಟಿಗೆ ಕೇಳಿದವರ ಮಾತಿನಲ್ಲೇ ಇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ತಿಳಿವಳಿಕೆ

ವರ್ಣತಂತು ಎಂದರೆ ಏನು? ಬಳಚಿನಂಥ ಸಣ್ಣ ಜೀವಿಯಲ್ಲೂ ಅದು ಇರುತ್ತದೆಯೇ?

ಇರುತ್ತದೆ. ಕೋಶಕೇಂದ್ರವಿರುವ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆಯು ಪ್ರೋಟೀನುಗಳಿಗೆ ಸುತ್ತಿಕೊಂಡು ಕುಳಿತಿರುತ್ತದೆ. ಕೋಶ ಎರಡಾಗುವ ಹೊತ್ತಿಗೆ ಈ ಎಳೆ ಬಿಗಿಯಾಗಿ ಮಡಚಿಕೊಂಡು, ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ದಪ್ಪದ ತುಂಡುಗಳಾಗುತ್ತದೆ. ಆ ತುಂಡುಗಳೇ ವರ್ಣತಂತುಗಳು. ಬಣ್ಣವನ್ನು ಚೆನ್ನಾಗಿ ಹಿಡಿಯುವುದರಿಂದಲೇ ಅವಕ್ಕೆ ಆ ಹೆಸರು ಬಂದಿದೆ. ಬಳಚಿನ ಒಂದು ವರ್ಣತಂತುವಿನ ಉದ್ದ ಸಾಮಾನ್ಯವಾಗಿ ಕೆಲವೇ ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪಕ್ಕೆ ಅಡ್ಡಲಾಗಿ ಅಂಥ ಹತ್ತಿಪ್ಪತ್ತನ್ನು ಸಾಲಾಗಿ ಇಡಬಹುದು.

ನಾವು ತಿನ್ನುವ ಬಳಚಿನಲ್ಲಿ ಎಷ್ಟು ವರ್ಣತಂತುಗಳಿವೆ?

ಈ ಪ್ರಶ್ನೆಗೆ ಉತ್ತರಿಸುವ ಮೊದಲು ನಾನು ಯಾವಾಗಲೂ ಒಂದು ಮರುಪ್ರಶ್ನೆ ಕೇಳುತ್ತೇನೆ: ಯಾವ ಬಳಚು? ಅಘನಾಶಿನಿಯ ದಂಡೆಯಲ್ಲಿ ಬಳಚು ಎಂದೂ ತುಳುನಾಡಿನಲ್ಲಿ ಮರುವಾಯಿ ಎಂದೂ ಕರೆಯುವುದು ಒಂದೇ ಜಾತಿಯ ಜೀವಿಯನ್ನಲ್ಲ. ಒಂದೇ ಬುಟ್ಟಿಯಲ್ಲಿ ನುಣುಪು ಚಿಪ್ಪಿನ ಮೆರೆಟ್ರಿಕ್ಸ್, ಚಿಪ್ಪಿನ ಮೇಲೆ ಗೀರುಗಳಿರುವ ಪೇಫಿಯಾ ಮಲಬಾರಿಕಾ, ಸಿಹಿನೀರು ಹೆಚ್ಚಿರುವ ಕಡೆಯಿಂದ ಬಂದ ಕಪ್ಪು ಚಿಪ್ಪಿನ ವಿಲ್ಲೊರಿಟಾ ಎಲ್ಲವೂ ಇರಬಹುದು. ಮೆರೆಟ್ರಿಕ್ಸ್ ಮೆರೆಟ್ರಿಕ್ಸ್ ಎಂಬ ಜಾತಿಯಲ್ಲಿ 19 ಜೋಡಿ, ಅಂದರೆ 38 ವರ್ಣತಂತುಗಳಿವೆ. ಮೆರೆಟ್ರಿಕ್ಸ್ ಮತ್ತು ಪೇಫಿಯಾ ಸೇರಿರುವ ವೆನೆರಿಡೆ ಕುಟುಂಬದಲ್ಲಿ ಈವರೆಗೆ ಎಣಿಸಿರುವ ಜಾತಿಗಳಲ್ಲಿ ಬಹುಪಾಲು ಇದೇ ಸಂಖ್ಯೆಯವು. ಜಗತ್ತಿನಾದ್ಯಂತ ಸಾಕುವ ಮನಿಲಾ ಕ್ಲಾಮ್, ಅಮೆರಿಕದ ಪೂರ್ವ ಕರಾವಳಿಯ ಗಟ್ಟಿಚಿಪ್ಪಿನ ಮರ್ಸಿನೇರಿಯಾ ಮರ್ಸಿನೇರಿಯಾ ಇವೆರಡರಲ್ಲೂ 38.

ಹಾಗಾದರೆ ಎಲ್ಲ ಚಿಪ್ಪಿಜೀವಿಗಳಿಗೂ 38 ಎಂದೇ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಾರದು. ಬಂಡೆಗೆ ಅಂಟಿ ಬೆಳೆಯುವ ಆಯ್ಸ್ಟರ್‌ಗಳಲ್ಲಿ ಸಾಮಾನ್ಯವಾಗಿ 20 ಮಾತ್ರ. ಮುತ್ತಿನ ಚಿಪ್ಪು ಪಿಂಕ್ಟಾಡಾದಲ್ಲಿ 28. ತುಳುವಿನಲ್ಲಿ ಪಚ್ಚಿಲೆ, ಇಂಗ್ಲಿಷಿನಲ್ಲಿ ಗ್ರೀನ್ ಮಸೆಲ್ ಎನ್ನುವ ಚಿಪ್ಪಿಜೀವಿ ಹಸಿರು ನೀಲಿಕಲ್ಲಿನಲ್ಲಿ 30. ಅದರ ಹತ್ತಿರದ ಸಂಬಂಧಿಯಾದ ಕಂದು ನೀಲಿಕಲ್ಲಿನಲ್ಲಿ 28. ಉತ್ತರ ಅಟ್ಲಾಂಟಿಕ್‌ನ ಮೆದುಚಿಪ್ಪಿನ ಮಾಯಾ ಅರಿನೇರಿಯಾದಲ್ಲಿ 34. ಬೀಸಣಿಗೆಯಾಕಾರದ ಚಿಪ್ಪಿನ ಸ್ಕ್ಯಾಲಪ್‌ಗಳ ಒಂದೇ ಕುಟುಂಬದೊಳಗೆ 38, 32, 26 ಹೀಗೆ ಹಲವು ಸಂಖ್ಯೆಗಳಿವೆ. ಆದರೂ ವೆನೆರಿಡೆ, ಮ್ಯಾಕ್ಟ್ರಿಡೆಯಂಥ ಮರಳು ಮತ್ತು ಕೆಸರಿನಲ್ಲಿ ಹುದುಗಿ ಬದುಕುವ ಕುಟುಂಬಗಳಲ್ಲಿ 38 ಅತಿ ಸಾಮಾನ್ಯ ಎಂಬ ಮಾತು ನಿಜ.

ಮನುಷ್ಯನಿಗೆ 46, ಬಳಚಿಗೆ 38. ಅದು ನಮಗಿಂತ ಸ್ವಲ್ಪವೇ ಕಡಿಮೆ ಎಂದು ಅರ್ಥವೇ?

ಅಲ್ಲ. ವರ್ಣತಂತುಗಳ ಸಂಖ್ಯೆಗೂ ಜೀವಿಯ ಮೇಲು ಕೀಳಿಗೂ ಸಂಬಂಧವಿಲ್ಲ. ಸಂಖ್ಯೆ ಒಂದೇ ಆಗಿದ್ದರೂ ಒಳಗಿನ ಡಿಎನ್‌ಎ ಒಂದೇ ಅಳತೆಯದಾಗಿರಬೇಕಿಲ್ಲ: ಮನಿಲಾ ಕ್ಲಾಮ್‌ನ ಜೀನೋಮ್, ಅಂದರೆ ಪ್ರತಿ ಜೋಡಿಯಿಂದ ಒಂದೊಂದನ್ನು ಲೆಕ್ಕಕ್ಕೆ ಹಿಡಿದ ಒಟ್ಟು ಡಿಎನ್‌ಎ ಬರಹ, ಸುಮಾರು 110 ಕೋಟಿ ಅಕ್ಷರಗಳಷ್ಟು, ಮರ್ಸಿನೇರಿಯಾದ್ದು ಸುಮಾರು 180 ಕೋಟಿ ಅಕ್ಷರಗಳಷ್ಟು. ಎರಡೂ 19 ಜೋಡಿಗಳಲ್ಲಿಯೇ ಅಡಕವಾಗಿವೆ.

ವರ್ಣತಂತು ನೋಡಿ ಇದು ಗಂಡು, ಇದು ಹೆಣ್ಣು ಎಂದು ಹೇಳಬಹುದೇ?

ಬಳಚಿನಲ್ಲಿ ಹಾಗೆ ಹೇಳಲಾಗುವುದಿಲ್ಲ. ನಮ್ಮಲ್ಲಿರುವ ಎಕ್ಸ್ ಮತ್ತು ವೈ ಹಾಗೆ ಆಕಾರದಲ್ಲೇ ಬೇರೆಬೇರೆಯಾಗಿ ಕಾಣುವ ಲಿಂಗ ವರ್ಣತಂತುಗಳು ಎರಡು ಚಿಪ್ಪಿನ ಮೃದ್ವಂಗಿಗಳಲ್ಲಿ ಕಂಡುಬಂದಿಲ್ಲ. ಗಂಡಿನ ಜೋಡಣೆಯೂ ಹೆಣ್ಣಿನ ಜೋಡಣೆಯೂ ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುತ್ತವೆ. ಲಿಂಗವನ್ನು ನಿರ್ಧರಿಸುವ ಜೀನುಗಳೇ ಇಲ್ಲವೆಂದು ಇದರಿಂದ ತಿಳಿಯಬಾರದು, ಅವು ಕೂತಿರುವ ವರ್ಣತಂತು ತನ್ನ ಜೋಡಿಗಿಂತ ಕಣ್ಣಿಗೆ ಕಾಣುವಷ್ಟು ಬೇರೆಯಾಗಿಲ್ಲ, ಅಷ್ಟೆ. ಇದರ ಮೇಲೆ ಕೆಲವು ಜಾತಿಗಳು ಬದುಕಿನ ನಡುವೆ ಲಿಂಗವನ್ನು ಬದಲಿಸುತ್ತವೆ. ಮರ್ಸಿನೇರಿಯಾದ ಮರಿಗಳು ಮೊದಲು ಬಹುಮಟ್ಟಿಗೆ ಗಂಡಾಗಿದ್ದು, ಬೆಳೆದ ಮೇಲೆ ಅವುಗಳಲ್ಲಿ ಹಲವು ಹೆಣ್ಣಾಗುತ್ತವೆ.

## ಸ್ಲೈಡ್ ಮಾಡುವವರಿಗೆ

ಯಾವ ಭಾಗವನ್ನು ತೆಗೆದುಕೊಳ್ಳಬೇಕು? ಮಾಂಸವನ್ನೇ ಅರೆದು ನೋಡಿದರೆ ಆಗುವುದಿಲ್ಲವೇ?

ವರ್ಣತಂತುಗಳು ಕಾಣುವುದು ವಿಭಜನೆಯಾಗುತ್ತಿರುವ ಕೋಶದಲ್ಲಿ ಮಾತ್ರ. ಚಿಪ್ಪನ್ನು ಮುಚ್ಚುವ ಸ್ನಾಯುವಿನಲ್ಲಿ ಅಂಥ ಕೋಶಗಳು ಸಿಗುವುದು ತೀರ ಅಪರೂಪ. ಕಿವಿರು ಹಾಗಲ್ಲ: ನೀರನ್ನು ಸೋಸಿ ಸೋಸಿ ಸವೆಯುವ ಅಂಗವಾದ್ದರಿಂದ ಅಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಸಣ್ಣ ವಯಸ್ಸಿನ ಪ್ರಾಣಿಯ ಕಿವಿರು ಇನ್ನೂ ಉತ್ತಮ. ಮೊಟ್ಟೆ ಮತ್ತು ವೀರ್ಯವನ್ನು ಬೆರೆಸಿ ಭ್ರೂಣ ಬೆಳೆಸುವ ಅನುಕೂಲವಿದ್ದರೆ ಮೊದಲ ಕೆಲವು ಗಂಟೆಗಳ ಭ್ರೂಣಗಳಲ್ಲಿ ವಿಭಜನೆ ಹೇರಳವಾಗಿ ಸಿಗುತ್ತದೆ. ಆದರೆ ಮೊಟ್ಟೆಯ ಹಳದಿ ಅಂಶವು ಸ್ಲೈಡಿನ ಹಿನ್ನೆಲೆಯನ್ನು ಮಸುಕು ಮಾಡುತ್ತದೆ. ಆರಂಭಿಸುವವರಿಗೆ ಕಿವಿರೇ ಸರಿ.

ಸ್ಲೈಡ್ ಮಾಡುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಬರೆದು ತಿಳಿಸುತ್ತೀರಾ?

1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಕ್ಯಾಥರೀನ್ ತಿರಿಯೊ ಕಿಯೆವ್ರೋ ಮತ್ತು ಅವರ ಸಹೋದ್ಯೋಗಿ ಕಡಲ ಮೃದ್ವಂಗಿಗಳಿಗೆ ಬಳಸಿದ ವಿಧಾನವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಎಲ್ಲೆಡೆ ನಡೆಯುತ್ತಿದೆ. ನಾನು ಮಾಡುವುದೂ ಅದನ್ನೇ.

ಪ್ರಾಣಿಯನ್ನು ಗಾಳಿಯಾಡುವ ಶುದ್ಧ ಕಡಲನೀರಿನಲ್ಲಿ ಒಂದು ವಾರದಿಂದ ಹತ್ತು ದಿನ ಇಟ್ಟು, ಸೂಕ್ಷ್ಮ ಪಾಚಿಯನ್ನು ಹೊಟ್ಟೆ ತುಂಬ ತಿನ್ನಿಸಬೇಕು. ಹಸಿದ ಬಳಚಿನ ಕಿವಿರಿನಲ್ಲಿ ಕೋಶ ವಿಭಜನೆ ಕಡಿಮೆ. ಬಳಿಕ ಶೇಕಡಾ 0.005ರಷ್ಟು ಕಾಲ್ಚಿಸಿನ್ ಬೆರೆಸಿದ ಕಡಲನೀರಿಗೆ ಅದನ್ನು ಇಡಿಯಾಗಿ ವರ್ಗಾಯಿಸಿ ಏಳೆಂಟು ಗಂಟೆ ಬಿಡಬೇಕು. ಕೋಶ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳು ಕಾಲ್ಚಿಸಿನ್‌ನಿಂದಾಗಿ ಕಟ್ಟಿಕೊಳ್ಳುವುದೇ ಇಲ್ಲ. ಆಗ ವಿಭಜನೆ ನಡುದಾರಿಯಲ್ಲೇ ನಿಲ್ಲುತ್ತದೆ, ವರ್ಣತಂತುಗಳು ಬಿಗಿಯಾಗಿ ಮಡಚಿದ ಸ್ಥಿತಿಯಲ್ಲೇ ಉಳಿಯುತ್ತವೆ. ಈ ಸಮಯದಲ್ಲಿ ಬಳಚು ಚಿಪ್ಪನ್ನು ತೆರೆದು ನೀರನ್ನು ಎಳೆದುಕೊಳ್ಳುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಬಾಯಿ ಮುಚ್ಚಿ ಕುಳಿತ ಬಳಚಿನೊಳಗೆ ಔಷಧಿ ಹೋಗಿರುವುದಿಲ್ಲ.

ನಂತರ ಕಿವಿರನ್ನು ಬಿಡಿಸಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದ ಶೇಕಡಾ 0.9ರ ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಅರ್ಧ ಗಂಟೆ ಇಡಬೇಕು. ಕಡಲನೀರಿಗಿಂತ ಬಹಳ ತೆಳುವಾದ ಈ ದ್ರಾವಣದಲ್ಲಿ ಕೋಶಗಳು ನೀರು ಕುಡಿದು ಉಬ್ಬುತ್ತವೆ, ಒಳಗಿನ ವರ್ಣತಂತುಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಆಮೇಲೆ ಮೂರು ಪಾಲು ಎಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ತಲಾ ಇಪ್ಪತ್ತು ನಿಮಿಷದಂತೆ ಮೂರು ಸಲ ಬದಲಾಯಿಸುತ್ತ ಸ್ಥಿರಗೊಳಿಸಬೇಕು. ಈ ಮಿಶ್ರಣವನ್ನು ಆಗಲೇ ಮಾಡಿಕೊಳ್ಳಬೇಕು. ಆರಂಭದ ದಿನಗಳಲ್ಲಿ ನಾನು ಹಿಂದಿನ ದಿನ ಉಳಿದಿದ್ದ ಮಿಶ್ರಣವನ್ನು ಬಳಸಿ ಒಂದು ವಾರದ ಪ್ರಾಣಿಗಳನ್ನೆಲ್ಲ ಹಾಳುಮಾಡಿದ್ದೆ. ಎಲ್ಲ ಸ್ಲೈಡುಗಳಲ್ಲೂ ವರ್ಣತಂತುಗಳು ಅಂಟಿನಂತೆ ಮುದ್ದೆಯಾಗಿದ್ದವು. ಆ ಜೀವಗಳನ್ನು ವ್ಯರ್ಥ ಮಾಡಿದ ಬೇಸರ ಇನ್ನೂ ಮನಸ್ಸಿನಲ್ಲಿದೆ.

ಕಡೆಯ ಹಂತದಲ್ಲಿ ಕಿವಿರಿನ ಚೂರನ್ನು ಶೇಕಡಾ 50ರ ಅಸಿಟಿಕ್ ಆಮ್ಲದಲ್ಲಿ ಕೆದಕಿದರೆ ಕೋಶಗಳು ಬಿಡಿಬಿಡಿಯಾಗಿ, ದ್ರವ ತೆಳು ಅಕ್ಕಿತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಸುಮಾರು 44 ಡಿಗ್ರಿಗೆ ಬೆಚ್ಚಗಾದ ಸ್ಲೈಡಿನ ಮೇಲೆ ಪಿಪೆಟ್ಟಿನಿಂದ ಹನಿಸಿ, ಒಂದೆರಡು ಕ್ಷಣ ಬಿಟ್ಟು ಅದೇ ಪಿಪೆಟ್ಟಿನಿಂದ ಹಿಂದಕ್ಕೆ ಹೀರಿಕೊಳ್ಳಬೇಕು. ಸ್ಲೈಡಿನ ಮೇಲೆ ತೆಳುವಾದ ಉಂಗುರವೊಂದು ಉಳಿಯುತ್ತದೆ. ಒಳ್ಳೆಯ ವರ್ಣತಂತುಗಳು ಸಿಗುವುದು ಹೆಚ್ಚಾಗಿ ಆ ಉಂಗುರದ ಅಂಚಿನಲ್ಲಿ. ಒಣಗಿದ ಮೇಲೆ ಶೇಕಡಾ 4ರ ಜೀಮ್ಸಾ ಬಣ್ಣದಲ್ಲಿ ಹತ್ತು ನಿಮಿಷ ಅದ್ದಿ ತೊಳೆದರೆ, ನೇರಳೆ ಬಣ್ಣದ ದುಂಡನೆಯ ಕೋಶಕೇಂದ್ರಗಳ ನಡುವೆ ಅಲ್ಲಲ್ಲಿ ಎಳ್ಳು ಚೆಲ್ಲಿದಂತೆ ಒಂದು ಗುಂಪು ಕಾಣುತ್ತದೆ. ನೂರು ಪಟ್ಟು ಹಿಗ್ಗಿಸುವ ಮಸೂರಕ್ಕೆ ಎಣ್ಣೆ ಹಾಕಿ ನೋಡಿದಾಗ ಆ ಎಳ್ಳುಕಾಳುಗಳಿಗೆ ನಡುವೆ ಸೊಂಟವೂ ಎರಡೆರಡು ತೋಳುಗಳೂ ಮೂಡುತ್ತವೆ. ಎಷ್ಟು ವರ್ಷ ನೋಡಿದರೂ ನನಗೆ ಆ ಕ್ಷಣ ಹಳತಾಗಿಲ್ಲ.

ಕಾಲ್ಚಿಸಿನ್ ದುಬಾರಿ. ಅದು ಗೌರಿಹೂವಿನ ಗೆಡ್ಡೆಯಲ್ಲಿ ಇದೆಯಂತಲ್ಲ, ಅದನ್ನೇ ಅರೆದು ಬಳಸಬಹುದೇ?

ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಅರಳುವ ಗೌರಿಹೂವಿನ, ಅಂದರೆ ಅಗ್ನಿಶಿಖೆಯ ಗೆಡ್ಡೆ ಮತ್ತು ಬೀಜಗಳಲ್ಲಿ ಕಾಲ್ಚಿಸಿನ್ ಇರುವುದು ನಿಜ. ಆದರೆ ಒಂದು ಗೆಡ್ಡೆಯಲ್ಲಿ ಎಷ್ಟಿದೆ ಎಂಬುದು ಅಳತೆಗೆ ಸಿಗುವುದಿಲ್ಲ, ಜೊತೆಗೆ ಬೇರೆ ಹಲವು ರಾಸಾಯನಿಕಗಳೂ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಅದು ಪ್ರಾಣ ತೆಗೆಯುವ ವಿಷ. ಅಡುಗೆಮನೆಯ ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಅದನ್ನು ಅರೆಯುವ ಯೋಚನೆಯನ್ನೇ ಮಾಡಬೇಡಿ. ಶುದ್ಧ ಕಾಲ್ಚಿಸಿನ್‌ನ ಪುಡಿಯನ್ನು ತೂಗುವಾಗಲೂ ಕೈಗವಸು ಮತ್ತು ಮುಖಗವಸು ಇರಲೇಬೇಕು, ಬಳಸಿದ ನೀರನ್ನು ಚರಂಡಿಗೆ ಚೆಲ್ಲಬಾರದು, ಆ ನೀರಿನಲ್ಲಿದ್ದ ಬಳಚನ್ನು ಯಾರೂ ತಿನ್ನಬಾರದು.

ನನ್ನ ಸ್ಲೈಡಿನಲ್ಲಿ ಒಂದು ಕಡೆ 38, ಇನ್ನೊಂದು ಕಡೆ 36, ಮತ್ತೊಂದು ಕಡೆ 41 ಬಂದಿದೆ. ಯಾವುದನ್ನು ನಂಬಲಿ?

ಮೊದಲು ಮೂರನ್ನೂ ಬರೆದಿಟ್ಟುಕೊಳ್ಳಿ. ಹನಿ ಬೀಳುವಾಗ ಕೋಶ ಒಡೆದು ಒಂದೆರಡು ವರ್ಣತಂತುಗಳು ಹೊರಗೆ ಚದುರಿ ಹೋಗುವುದು ಸಾಮಾನ್ಯ. ಹಾಗಾಗಿ ತಪ್ಪು ಎಣಿಕೆಗಳಲ್ಲಿ ನಿಜವಾದ ಸಂಖ್ಯೆಗಿಂತ ಕೆಳಗಿನವು ಹೆಚ್ಚು ಬರುತ್ತವೆ, ಮೇಲಿನವು ಕಡಿಮೆ ಬರುತ್ತವೆ. 41 ಬಂದಿದ್ದರೆ ಪಕ್ಕದ ಕೋಶದಿಂದ ಬಂದು ಸೇರಿದವು ಇರಬಹುದು, ಇಲ್ಲವೇ ಬಣ್ಣದ ಕಣವನ್ನು ವರ್ಣತಂತುವೆಂದು ಎಣಿಸಿರಬಹುದು. ಹತ್ತಾರು ಪ್ರಾಣಿಗಳಿಂದ ಚೆನ್ನಾಗಿ ಹರಡಿದ ಕೋಶಗಳನ್ನು ಆರಿಸಿ ಎಣಿಸಿದಾಗ ಯಾವ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೋ ಅದು ಆ ಜಾತಿಯ ಸಂಖ್ಯೆ.

ಇಲ್ಲೊಂದು ಎಚ್ಚರಿಕೆ ಬೇಕು. ಪುಸ್ತಕದಲ್ಲಿ 38 ಎಂದಿದೆ ಎಂಬ ಕಾರಣಕ್ಕೆ 38 ಬರುವವರೆಗೆ ಎಣಿಸಿ, ಬಂದೊಡನೆ ನಿಲ್ಲಿಸುವ ಅಭ್ಯಾಸ ತುಂಬ ಅಪಾಯಕಾರಿ. ಮನುಷ್ಯನ ವಿಷಯದಲ್ಲಿಯೇ ಹೀಗಾಗಿದೆ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಪ್ರಕಟಿಸಿದ 48 ಎಂಬ ಎಣಿಕೆಯನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕವೆಲ್ಲ ಒಪ್ಪಿಕೊಂಡಿತ್ತು. ಕಾಲ್ಚಿಸಿನ್ ಮತ್ತು ತೆಳು ದ್ರಾವಣದ ಉಪಾಯ ಎರಡನ್ನೂ ಬಳಸಿ 1956ರಲ್ಲಿ ಜೋ ಹಿನ್ ಟ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ತೋರಿಸಿಕೊಟ್ಟರು. ಹೀಗಿರುವಾಗ ಬಳಚಿನ ಎಣಿಕೆಯಲ್ಲಿ ಅವಸರ ಸಲ್ಲದು. ನನ್ನ ವಿದ್ಯಾರ್ಥಿಗಳಿಗೆ ಪ್ರಾಣಿಯ ಹೆಸರನ್ನು ಹೇಳದೆ ಸ್ಲೈಡ್ ಕೊಡುವುದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ತಂದ ಬಳಚಿನಲ್ಲಿ ಒಂದೂ ವಿಭಜನೆ ಸಿಗುವುದಿಲ್ಲ. ಏಕೆ?

ಜೂನ್ ನಂತರ ಹೊಳೆಯ ನೀರು ಅಳಿವೆಗೆ ನುಗ್ಗಿ ಉಪ್ಪಿನಂಶ ಕುಸಿದಾಗ ಬಳಚು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ದಿನ ದೂಡುತ್ತದೆ. ಆಹಾರವೂ ಇಲ್ಲ, ಬೆಳವಣಿಗೆಯೂ ಇಲ್ಲ. ತೊಟ್ಟಿಯಲ್ಲಿ ಉಪ್ಪಿನಂಶವನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಏರಿಸಿ, ಪಾಚಿ ಉಣಿಸಿ, ಅದು ಕೊಳವೆಗಳನ್ನು ಹೊರಚಾಚಿ ಉಸಿರಾಡತೊಡಗಿದ ಮೇಲೆಯೇ ಕೆಲಸ ಶುರುಮಾಡಿ.

ಯಾವುದು ಯಾವುದರ ಜೋಡಿ ಎಂದು ಹೇಗೆ ಗುರುತಿಸುವುದು?

ವರ್ಣತಂತುವಿನ ಸೊಂಟಕ್ಕೆ ಸೆಂಟ್ರೋಮಿಯರ್ ಎನ್ನುತ್ತಾರೆ. ಒಟ್ಟು ಉದ್ದ ಮತ್ತು ಉದ್ದ ತೋಳಿಗೂ ಗಿಡ್ಡ ತೋಳಿಗೂ ಇರುವ ಅನುಪಾತ, ಈ ಎರಡನ್ನು ಅಳೆದು ಜೋಡಿ ಹುಡುಕಬೇಕು. 1964ರಲ್ಲಿ ಲೆವಾನ್ ಮತ್ತು ಸಂಗಡಿಗರು ಹಾಕಿಕೊಟ್ಟ ಕ್ರಮದಂತೆ ಅನುಪಾತ 1.7ರ ಒಳಗಿದ್ದರೆ ಮೆಟಾಸೆಂಟ್ರಿಕ್, 3ರವರೆಗೆ ಸಬ್‌ಮೆಟಾಸೆಂಟ್ರಿಕ್, 7ರವರೆಗೆ ಸಬ್‌ಟೆಲೊಸೆಂಟ್ರಿಕ್, ಅದಕ್ಕಿಂತ ಮೇಲೆ ಟೆಲೊಸೆಂಟ್ರಿಕ್. ಬಳಚಿನಲ್ಲಿ ಕಷ್ಟ ಎಲ್ಲಿದೆಯೆಂದರೆ, ಹತ್ತೊಂಬತ್ತು ಜೋಡಿಗಳೂ ಉದ್ದದಲ್ಲಿ ಒಂದಕ್ಕೊಂದು ಬಹಳ ಹತ್ತಿರ. ಮನುಷ್ಯನ ವರ್ಣತಂತುಗಳಲ್ಲಿ ಸುಲಭವಾಗಿ ಮೂಡುವ ಅಡ್ಡಪಟ್ಟೆಗಳು ಇಲ್ಲಿ ಮೂಡಿಸಿದರೂ ಸ್ಪಷ್ಟವಾಗಿ ನಿಲ್ಲುವುದಿಲ್ಲ. ಆದ್ದರಿಂದ ಒಂದು ಕೋಶದ ಚಿತ್ರದಿಂದ ಜೋಡಿಗಳನ್ನು ತೀರ್ಮಾನಿಸದೆ, ಕನಿಷ್ಠ ಹತ್ತು ಕೋಶಗಳ ಅಳತೆಯ ಸರಾಸರಿಯನ್ನು ತೆಗೆದುಕೊಳ್ಳಬೇಕು. 1.7ರ ಗಡಿಯಲ್ಲೇ ಇರುವ ಜೋಡಿಯನ್ನು ಗಡಿಯಲ್ಲಿದೆ ಎಂದೇ ಬರೆಯಬೇಕು.

## ಕಂಡದ್ದನ್ನು ಓದುವುದು

ಎಲ್ಲದರಲ್ಲೂ 38 ಇದ್ದರೆ ಜಾತಿಜಾತಿಗಳ ನಡುವಿನ ವ್ಯತ್ಯಾಸ ಎಲ್ಲಿದೆ?

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಹತ್ತೊಂಬತ್ತು ಕೋಣೆಗಳ ಎರಡು ಮನೆಗಳಿವೆ ಎಂದುಕೊಳ್ಳಿ. ಕೋಣೆಗಳ ಲೆಕ್ಕ ಒಂದೇ ಆದರೂ ಒಂದು ಮನೆಯಲ್ಲಿ ಒಲೆ ಇರುವ ಕೋಣೆಯಲ್ಲಿ ಇನ್ನೊಂದರಲ್ಲಿ ಪತ್ತಾಯವಿರಬಹುದು. ವರ್ಣತಂತುಗಳಲ್ಲಿಯೂ ಒಂದು ತುಂಡು ತಲೆಕೆಳಗಾಗಿ ಕೂತಿರಬಹುದು, ಒಂದು ತೋಳಿನ ತುದಿ ಇನ್ನೊಂದಕ್ಕೆ ಹೋಗಿ ಸೇರಿರಬಹುದು. ಸಂಖ್ಯೆ ಮಾತ್ರ ಅಲುಗಾಡಿರುವುದಿಲ್ಲ.

ಇದನ್ನು ಕಣ್ಣಿಗೆ ಕಾಣಿಸುವ ಉಪಾಯ ಫಿಶ್ ಎಂಬ ವಿಧಾನ. ನಮಗೆ ಬೇಕಾದ ಜೀನಿನ ಪ್ರತಿಗೆ ಹೊಳೆಯುವ ಬಣ್ಣವನ್ನು ಕಟ್ಟಿ ಸ್ಲೈಡಿನ ಮೇಲೆ ಬಿಟ್ಟರೆ, ಅದು ವರ್ಣತಂತುವಿನಲ್ಲಿ ತನಗೆ ಹೊಂದುವ ಜಾಗವನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಕತ್ತಲೆಯ ಕೋಣೆಯಲ್ಲಿ ಪ್ರತಿದೀಪಕ ಸೂಕ್ಷ್ಮದರ್ಶಕದ ಮುಂದೆ ಕುಳಿತರೆ ನೀಲಿ ವರ್ಣತಂತುಗಳ ಮೇಲೆ ಎರಡು ಕೆಂಪು ಚುಕ್ಕೆ, ಎರಡು ಹಸಿರು ಚುಕ್ಕೆ ಕಾಣುತ್ತವೆ. ಪ್ರೋಟೀನು ತಯಾರಿಸುವ ರೈಬೋಸೋಮನ್ನು ಕಟ್ಟುವ ಜೀನುಗಳು ಮತ್ತು ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳ ಜೀನುಗಳು ನೂರಾರು ಪ್ರತಿಗಳಾಗಿ ಒಂದೇ ಕಡೆ ಗುಂಪಾಗಿರುವುದರಿಂದ ಈ ಕೆಲಸಕ್ಕೆ ಅವೇ ಹೆಚ್ಚು ಬಳಕೆಯಲ್ಲಿವೆ. ಸ್ಪೇನಿನ ವೀಗೊ ವಿಶ್ವವಿದ್ಯಾಲಯದ ಸಂಶೋಧಕರು ವೆನೆರಿಡೆ, ಮ್ಯಾಕ್ಟ್ರಿಡೆ ಮುಂತಾದ ಕುಟುಂಬಗಳ ಹಲವು ಜಾತಿಗಳಲ್ಲಿ ಹೀಗೆ ಗುರುತು ಹಾಕಿದಾಗ, ಸಂಖ್ಯೆ 38 ಆಗಿದ್ದರೂ ಈ ಗುಂಪುಗಳ ಸ್ಥಾನ ಜಾತಿಯಿಂದ ಜಾತಿಗೆ ಬೇರೆಯಾಗಿರುವುದು ಕಂಡಿತು. ಚಿಪ್ಪು ನೋಡಿ ಬೇರ್ಪಡಿಸಲಾಗದ ಎರಡು ಬಳಚುಗಳ ವಿಷಯದಲ್ಲಿ ಈ ಚುಕ್ಕೆಗಳು ಒಳ್ಳೆಯ ಸಾಕ್ಷಿಯಾಗಬಲ್ಲವು.

ವರ್ಣತಂತುವಿನ ತುದಿಯನ್ನು ಕಾಯುವ ಟೆಲೊಮಿಯರ್ ಮಾತ್ರ ಇಲ್ಲಿ ಬದಲಾಗದ ಸಂಗತಿ. ಮನುಷ್ಯನಲ್ಲಿರುವ ಟಿಟಿಎಜಿಜಿಜಿ ಎಂಬ ಆರಕ್ಷರದ ಪುನರುಕ್ತಿಯೇ ಬಳಚಿನ ತುದಿಗಳಲ್ಲೂ ಇದೆ.

ಜೀನೋಮ್ ಓದುವ ಯಂತ್ರಗಳು ಬಂದ ಮೇಲೂ ಕೂತು ಎಣಿಸುವ ಅಗತ್ಯವೇನು?

ಯಂತ್ರವು ಜೀನೋಮನ್ನು ತುಂಡುತುಂಡಾಗಿ ಓದುತ್ತದೆ. ತುಂಡುಗಳನ್ನು ಗಣಕವು ಜೋಡಿಸಿ ಉದ್ದನೆಯ ಎಳೆಗಳನ್ನು ಮಾಡುತ್ತದೆ. ಎಳೆಗಳು ಎಷ್ಟಾಗಬೇಕು ಎಂಬುದನ್ನು ಪರೀಕ್ಷಿಸುವುದು ಸೂಕ್ಷ್ಮದರ್ಶಕದ ಎಣಿಕೆಯಿಂದ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಹಸಿರು ನೀಲಿಕಲ್ಲಿನ ಸುಮಾರು 72 ಕೋಟಿ ಅಕ್ಷರಗಳ ಜೀನೋಮನ್ನು 2023ರಲ್ಲಿ ಹೊರತಂದಾಗ ಅದು 15 ಎಳೆಗಳಾಗಿ ಕೂಡಿಬಂತು. ಆ ಜಾತಿಯ ವರ್ಣತಂತುಗಳು 30, ಅಂದರೆ 15 ಜೋಡಿ ಎಂದು ಸ್ಲೈಡ್ ನೋಡಿದವರು ಮೊದಲೇ ಹೇಳಿದ್ದರು. ಎರಡು ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಇದಲ್ಲದೆ ಯಂತ್ರವು ಲಕ್ಷಾಂತರ ಕೋಶಗಳನ್ನು ಕಲಸಿ ಓದುವುದರಿಂದ ಒಂದೊಂದು ಕೋಶದ ಕಥೆಯನ್ನು ಸುಲಭವಾಗಿ ಹೇಳುವುದಿಲ್ಲ. ಪುನರುಕ್ತಿಗಳೇ ತುಂಬಿರುವ ಸೆಂಟ್ರೋಮಿಯರ್ ಸುತ್ತಲಿನ ಭಾಗದಲ್ಲಿ ಜೋಡಣೆ ತಪ್ಪುವುದೂ ಹೆಚ್ಚು. ಈ ಎರಡು ಕೆಲಸಗಳು ಒಂದಕ್ಕೊಂದು ಎದುರಾಳಿಗಳೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇಷ್ಟೊಂದು ಜಾತಿಗಳಲ್ಲಿ 19 ಜೋಡಿಯೇ ಇರುವುದಕ್ಕೆ ಏನಾದರೂ ಕಾರಣವಿದೆಯೇ?

ಅದು ಹಳೆಯ ಆಸ್ತಿ ಎಂದು ತೋರುತ್ತದೆ. 2017ರಲ್ಲಿ ಪ್ರಕಟವಾದ ಯೆಸ್ಸೊ ಸ್ಕ್ಯಾಲಪ್‌ನ ಜೀನೋಮಿನಲ್ಲಿ ಜೋಡಿಗೊಂದರಂತೆ 19 ವರ್ಣತಂತುಗಳಿದ್ದವು. ಎಡಬಲ ಸಮನಾಗಿರುವ ಪ್ರಾಣಿಗಳೆಲ್ಲದರ ಪೂರ್ವಜನಲ್ಲಿ ಜೀನುಗಳು ಯಾವ ಗುಂಪುಗಳಲ್ಲಿದ್ದವು ಎಂದು ಊಹಿಸಲಾಗಿದೆಯೋ, ಆ ಗುಂಪುಗಳೊಂದಿಗೆ ಈ 19 ಗಮನಾರ್ಹವಾಗಿ ಹೊಂದಿಕೆಯಾದವು. ಎಂದರೆ ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಜೋಡಣೆಯ ಗುರುತುಗಳು ಈ ಜೀವಿಗಳಲ್ಲಿ ಉಳಿದುಬಂದಿವೆ. ಆಯ್ಸ್ಟರ್‌ಗಳ 10 ಜೋಡಿಯು ಹಳೆಯ ವರ್ಣತಂತುಗಳು ಒಂದಕ್ಕೊಂದು ಕೂಡಿಕೊಂಡದ್ದರ ಫಲ.

ನೂರಕ್ಕಿಂತ ಹೆಚ್ಚು ವರ್ಣತಂತುಗಳಿರುವ ಚಿಪ್ಪಿಜೀವಿ ಇದೆಯೇ?

ಇದೆ. ಬಂಡೆಯ ಬಿರುಕುಗಳಲ್ಲಿ ಬದುಕುವ, ಕೆಲವೇ ಮಿಲಿಮೀಟರ್ ಉದ್ದದ ಲಸೇಯಾ ಎಂಬ ಕಡಲಜೀವಿಯ ಹಲವು ವಂಶಗಳು ಸಂಗಾತಿಯ ಜೀನುಗಳನ್ನು ಬೆರೆಸಿಕೊಳ್ಳದೆ ತಮ್ಮದೇ ಪ್ರತಿಗಳನ್ನು ಹೆರುತ್ತವೆ. ತಾಯಿಯದೊಂದು, ತಂದೆಯದೊಂದು ಎಂದು ಸಾಮಾನ್ಯವಾಗಿ ಎರಡೇ ಇರುವ ವರ್ಣತಂತುಗಳ ಸೆಟ್ಟುಗಳು ಅವುಗಳಲ್ಲಿ ಹಲವು ಪಟ್ಟಾಗಿ, ಸಂಖ್ಯೆ ನೂರುಗಳನ್ನು ಮುಟ್ಟಿದೆ. ಅದರ ಆಸ್ಟ್ರೇಲಿಯಾದ ಸಂಬಂಧಿಯೊಂದು ಮಾತ್ರ ಎರಡು ಸೆಟ್ಟುಗಳನ್ನೇ ಇಟ್ಟುಕೊಂಡಿದೆ.

## ಸಾಕಣೆ, ರೋಗ ಮತ್ತು ಮುಂದಿನ ಓದು

ಮೂರು ಸೆಟ್ ವರ್ಣತಂತುಗಳ ಚಿಪ್ಪಿಗಳನ್ನು ಸಾಕುತ್ತಾರಂತೆ. ಅದು ಕುಲಾಂತರಿಯೇ?

ಕುಲಾಂತರಿಯಲ್ಲ, ಹೊರಗಿನ ಯಾವ ಜೀನನ್ನೂ ಸೇರಿಸಿರುವುದಿಲ್ಲ. ಚಿಪ್ಪಿಜೀವಿಯ ಮೊಟ್ಟೆ ನೀರಿಗೆ ಬಿದ್ದಾಗ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಎಂಬ ವಿಭಜನೆ ಅದರಲ್ಲಿ ಇನ್ನೂ ಮುಗಿದಿರುವುದಿಲ್ಲ. ವೀರ್ಯ ಒಳಹೊಕ್ಕ ಮೇಲೆ ಮೊಟ್ಟೆಯು ಹೆಚ್ಚುವರಿ ವರ್ಣತಂತುಗಳನ್ನು ಪೋಲಾರ್ ಬಾಡಿ ಎಂಬ ಎರಡು ಸಣ್ಣ ಗುಳ್ಳೆಗಳಲ್ಲಿ ಕಟ್ಟಿ ಹೊರಹಾಕುತ್ತದೆ. ಎರಡನೆಯ ಗುಳ್ಳೆ ಹೊರಬೀಳುವ ಕೆಲವೇ ನಿಮಿಷಗಳಲ್ಲಿ ರಾಸಾಯನಿಕದಿಂದಲೋ ಒತ್ತಡದಿಂದಲೋ ಶಾಖದಿಂದಲೋ ಅದನ್ನು ತಡೆದರೆ, ತಾಯಿಯ ಎರಡು ಸೆಟ್ಟು, ತಂದೆಯ ಒಂದು ಸೆಟ್ಟು ಸೇರಿ ಮೂರಾಗುತ್ತದೆ. ಇಂಥ ಆಯ್ಸ್ಟರ್‌ನಲ್ಲಿ 20ರ ಬದಲು 30, ಬಳಚಿನಲ್ಲಿ 38ರ ಬದಲು 57. ಬೆಸವಾದ ಸೆಟ್ಟುಗಳು ಸಮವಾಗಿ ಹಂಚಿಕೆಯಾಗದ ಕಾರಣ ಪ್ರಾಣಿಯಲ್ಲಿ ಸಂತಾನಶಕ್ತಿ ಬಹುಮಟ್ಟಿಗೆ ಕುಂದುತ್ತದೆ, ಮೊಟ್ಟೆಗೆ ಹೋಗಬೇಕಿದ್ದ ಶಕ್ತಿ ಮೈಯಲ್ಲೇ ಉಳಿಯುತ್ತದೆ.

ಅಮೆರಿಕದ ಆಯ್ಸ್ಟರ್‌ನಲ್ಲಿ ಈ ಪ್ರಯೋಗ 1981ರಲ್ಲಿ ಪ್ರಕಟವಾಯಿತು. 1994ರಲ್ಲಿ ಶಿಮಿಂಗ್ ಗುವೊ ಮತ್ತು ಸ್ಟ್ಯಾಂಡಿಶ್ ಆಲನ್ ನಾಲ್ಕು ಸೆಟ್ಟಿನ ಆಯ್ಸ್ಟರ್‌ಗಳನ್ನು ಬೆಳೆಸಿದ ಮೇಲೆ, ಅವುಗಳನ್ನು ಸಾಮಾನ್ಯ ಆಯ್ಸ್ಟರ್ ಜೊತೆ ಕೂಡಿಸಿ ರಾಸಾಯನಿಕವಿಲ್ಲದೆಯೇ ಮೂರು ಸೆಟ್ಟಿನ ಮರಿಗಳನ್ನು ಪಡೆಯುವುದು ಸಾಧ್ಯವಾಯಿತು. ಮರಿಯಲ್ಲಿ ನಿಜಕ್ಕೂ ಮೂರು ಸೆಟ್ಟುಗಳಿವೆಯೇ ಎಂದು ನೋಡಲು ದೊಡ್ಡ ಸಾಕಣೆ ಕೇಂದ್ರಗಳಲ್ಲಿ ಕೋಶದ ಡಿಎನ್‌ಎ ಪ್ರಮಾಣವನ್ನು ಯಂತ್ರದಿಂದ ಅಳೆಯುತ್ತಾರೆ. ಅನುಮಾನ ಬಂದಲ್ಲಿ ಎಣಿಕೆಗೇ ಮರಳುತ್ತಾರೆ.

ಒಂದೆರಡು ವರ್ಣತಂತು ಕಡಿಮೆಯಾದರೆ ಪ್ರಾಣಿಗೆ ತೊಂದರೆಯೇ?

ಮನುಷ್ಯನಲ್ಲಿ ಒಂದು ಹೆಚ್ಚಾದರೂ ದೊಡ್ಡ ಪರಿಣಾಮವಾಗುತ್ತದೆ. ಆಯ್ಸ್ಟರ್‌ಗಳು ಮಾತ್ರ ಮೈಯ ಹಲವು ಕೋಶಗಳಲ್ಲಿ ಒಂದೆರಡು ವರ್ಣತಂತು ಕಳೆದುಕೊಂಡೂ ಬದುಕುತ್ತವೆ. ಆದರೆ ಒಂದೇ ವಯಸ್ಸಿನ ಆಯ್ಸ್ಟರ್‌ಗಳನ್ನು ಹೋಲಿಸಿದಾಗ, ಅಂಥ ಕೋಶಗಳು ಹೆಚ್ಚಿದ್ದವು ನಿಧಾನವಾಗಿ ಬೆಳೆದದ್ದು ಪೆಸಿಫಿಕ್ ಆಯ್ಸ್ಟರ್‌ನ ಅಧ್ಯಯನಗಳಲ್ಲಿ ಕಂಡುಬಂದಿದೆ. ಸ್ಲೈಡಿನಲ್ಲಿ 36 ಬಂದಾಗ ಅದನ್ನು ಕೇವಲ ಕೈತಪ್ಪು ಎಂದು ಅಳಿಸಬಾರದೆನ್ನುವುದು ಇದಕ್ಕೇ.

ಚಿಪ್ಪಿಗಳಿಗೆ ಅಂಟುವ ಕ್ಯಾನ್ಸರ್ ಇದೆ ಎಂದು ಓದಿದೆ. ನಿಜವೇ? ತಿಂದರೆ ನಮಗೂ ಬರುತ್ತದೆಯೇ?

ನಿಜ. ಉತ್ತರ ಅಮೆರಿಕದ ಮಾಯಾ ಅರಿನೇರಿಯಾದಲ್ಲಿ ರಕ್ತದ ಕ್ಯಾನ್ಸರಿನಂಥ ರೋಗವಿದೆ. ನ್ಯೂಯಾರ್ಕ್‌ನಿಂದ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದವರೆಗಿನ ರೋಗಿಗಳ ಕ್ಯಾನ್ಸರ್ ಕೋಶಗಳು ಒಂದೇ ವಂಶದವು, ಅಂದರೆ ಕ್ಯಾನ್ಸರ್ ಕೋಶವೇ ನೀರಿನ ಮೂಲಕ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತಿದೆ ಎಂದು 2015ರಲ್ಲಿ ಗೊತ್ತಾಯಿತು. 2022ರಲ್ಲಿ ಯುರೋಪಿನ ವೀನಸ್ ವೆರುಕೋಸಾದಲ್ಲಿ ಸಿಕ್ಕ ಕ್ಯಾನ್ಸರ್ ಮೂಲತಃ ಬೇರೊಂದು ಜಾತಿಯ ಬಳಚಿನದೆಂದು ತಿಳಿಯಿತು. ವರ್ಣತಂತು ನೋಡುವವರಿಗೆ ಬೆರಗು ಹುಟ್ಟಿಸುವ ಸಂಗತಿ ಯುರೋಪಿನ ಕಾಕಲ್ ಎಂಬ ಚಿಪ್ಪಿಯದು: ಅದರ ಆರೋಗ್ಯವಂತ ಕೋಶದಲ್ಲಿ 38 ವರ್ಣತಂತುಗಳಿದ್ದರೆ, ಕ್ಯಾನ್ಸರ್ ಕೋಶಗಳಲ್ಲಿ 11ರಿಂದ 354ರವರೆಗೆ ಎಣಿಸಿದ್ದು 2023ರಲ್ಲಿ ಪ್ರಕಟವಾಗಿದೆ. ಇಷ್ಟು ಅಸ್ತವ್ಯಸ್ತವಾದ ಕೋಶಗಳು ತಲೆತಲಾಂತರ ಬದುಕಿ ಹರಡುತ್ತಿವೆ.

ಮನುಷ್ಯರಿಗೆ ಇದು ತಗುಲಿದ ನಿದರ್ಶನವಿಲ್ಲ. ಬೇಯಿಸಿದರೆ ಆ ಕೋಶಗಳು ಸಾಯುತ್ತವೆ. ಬಳಚಿನ ಸುಕ್ಕವನ್ನು ನಿಶ್ಚಿಂತೆಯಿಂದ ಉಣ್ಣಿ.

ನೊಬೆಲ್ ಪ್ರಶಸ್ತಿಗೂ ಬಳಚಿಗೂ ಸಂಬಂಧವಿದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಹೌದೇ?

ಹೌದು. ಅಮೆರಿಕದ ಸರ್ಫ್ ಕ್ಲಾಮ್, ಸ್ಪಿಸುಲಾ ಸಾಲಿಡಿಸ್ಸಿಮಾದ ಮೊಟ್ಟೆಯ ನಡುವೆ ದೊಡ್ಡದೊಂದು ಕೋಶಕೇಂದ್ರ ತಿಳಿಯಾದ ಕಿಟಕಿಯಂತೆ ಕಾಣುತ್ತದೆ. ವೀರ್ಯ ಬೆರೆಸಿದ ಹತ್ತಾರು ನಿಮಿಷಗಳಲ್ಲೇ ಆ ಕಿಟಕಿ ಕರಗಿ ಹೋಗುತ್ತದೆ, ವರ್ಣತಂತುಗಳು ವಿಭಜನೆಗೆ ಇಳಿಯುತ್ತವೆ. ಸಾವಿರಾರು ಮೊಟ್ಟೆಗಳು ಒಂದೇ ತಾಳದಲ್ಲಿ ಹೀಗೆ ನಡೆಯುವುದರಿಂದ, ವಿಭಜನೆಯನ್ನು ಆಡಿಸುವ ಪ್ರೋಟೀನುಗಳನ್ನು ಹುಡುಕಲು ಇದಕ್ಕಿಂತ ಅನುಕೂಲದ ವಸ್ತು ಕಡಿಮೆ. ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಟಿಮ್ ಹಂಟ್ 1982ರಲ್ಲಿ ಕಡಲ ಮುಳ್ಳುಚೆಂಡಿನ ಮೊಟ್ಟೆಯಲ್ಲಿ ಸೈಕ್ಲಿನ್ ಎಂಬ ಪ್ರೋಟೀನನ್ನು ಕಂಡರು. ಈ ಬಳಚಿನ ಮೊಟ್ಟೆಯಲ್ಲೂ ಅಂಥವೇ ಎರಡು ಪ್ರೋಟೀನುಗಳಿದ್ದವು. ಜೋನ್ ರುಡರ್ಮನ್ ಅವರ ತಂಡ 1986ರಲ್ಲಿ ಬಳಚಿನ ಸೈಕ್ಲಿನ್ ಕಪ್ಪೆಯ ಮೊಟ್ಟೆಯನ್ನೂ ವಿಭಜನೆಗೆ ತಳ್ಳುತ್ತದೆ ಎಂದು ತೋರಿಸಿತು. ಕೆಲಸ ಮುಗಿದ ಸೈಕ್ಲಿನನ್ನು ನಾಶಮಾಡುವ ಯಂತ್ರಾಂಗವನ್ನು ಅವ್ರಾಮ್ ಹೆರ್ಷ್ಕೊ 1990ರ ದಶಕದಲ್ಲಿ ಇದೇ ಬಳಚಿನ ಮೊಟ್ಟೆಗಳಿಂದ ಬೇರ್ಪಡಿಸಿದರು. ಹಂಟ್ ಅವರಿಗೆ 2001ರಲ್ಲಿಯೂ ಹೆರ್ಷ್ಕೊ ಅವರಿಗೆ 2004ರಲ್ಲಿಯೂ ನೊಬೆಲ್ ಬಂತು.

ಕರಾವಳಿಯ ಕಾಲೇಜಿನ ವಿದ್ಯಾರ್ಥಿ ನಾನು. ದೊಡ್ಡ ಪ್ರಯೋಗಾಲಯವಿಲ್ಲ. ಎಲ್ಲಿಂದ ಆರಂಭಿಸಲಿ?

ನೂರರ ಎಣ್ಣೆ ಮಸೂರವಿರುವ ಒಂದು ಸೂಕ್ಷ್ಮದರ್ಶಕ, ಸ್ಲೈಡ್ ಬಿಸಿಮಾಡುವ ತಟ್ಟೆ, ಮೇಲೆ ಹೇಳಿದ ಐದಾರು ರಾಸಾಯನಿಕಗಳು, ಅವುಗಳನ್ನು ಬಳಸಿ ಅನುಭವವಿರುವ ಒಬ್ಬ ಶಿಕ್ಷಕರು. ಇಷ್ಟಿದ್ದರೆ ಎಣಿಕೆ ಮತ್ತು ಜೋಡಣೆ ಎರಡೂ ಸಾಧ್ಯ. ಮೊದಲು ಮೆರೆಟ್ರಿಕ್ಸ್‌ನಲ್ಲಿ ಕೈ ಪಳಗಿಸಿಕೊಳ್ಳಿ, ಏಕೆಂದರೆ ಸರಿ ತಪ್ಪು ಗೊತ್ತಾಗಲು ಅಲ್ಲಿ ತಿಳಿದ ಸಂಖ್ಯೆಯಿದೆ. ಬಳಿಕ ನಿಮ್ಮ ಊರಿನ ಅಳಿವೆಯ ಬೇರೆ ಜಾತಿಗಳಿಗೆ ಹೋಗಿ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ಇಳಿತದ ಹೊತ್ತಿನಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಕಾಲಿನ ಬೆರಳಿನಿಂದಲೇ ಬಳಚನ್ನು ಗುರುತಿಸಿ ಹೆಕ್ಕುವ ಹೆಂಗಸರಿದ್ದಾರೆ. ಪ್ರಾಣಿಗಳನ್ನು ಅವರಿಂದಲೇ ಕೊಂಡುಕೊಳ್ಳಿ, ಎಲ್ಲಿ ಸಿಕ್ಕಿತು, ಅಲ್ಲಿ ಮರಳೋ ಕೆಸರೋ, ಅವರ ಬಾಯಲ್ಲಿ ಅದರ ಹೆಸರೇನು ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಿ. ನಾವು ಒಂದೇ ಜಾತಿ ಎಂದುಕೊಂಡದ್ದಕ್ಕೆ ಅವರಲ್ಲಿ ಎರಡು ಹೆಸರುಗಳಿದ್ದರೆ ಆ ಎರಡನ್ನೂ ಬೇರೆಬೇರೆ ತೊಟ್ಟಿಯಲ್ಲಿಟ್ಟು, ಬೇರೆಬೇರೆ ಸ್ಲೈಡ್ ಮಾಡಿ. ಕಿವಿರು ತೆಗೆದ ಪ್ರತಿಯೊಂದು ಪ್ರಾಣಿಯ ಎರಡು ಚಿಪ್ಪುಗಳನ್ನೂ ತೊಳೆದು ಒಣಗಿಸಿ, ಸ್ಲೈಡಿನ ಸಂಖ್ಯೆಯನ್ನೇ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದು ಡಬ್ಬಿಯಲ್ಲಿಡಿ. ಜಾತಿಯ ಹೆಸರಿನ ಬಗ್ಗೆ ಮುಂದೆಂದಾದರೂ ಅನುಮಾನ ಬಂದರೆ ತೆರೆದು ನೋಡಬೇಕಾದದ್ದು ಆ ಡಬ್ಬಿಯನ್ನೇ.